ಸುಮ್ಮನಿರಬಲ್ಲ ಮೇಜು

ಮನೆಯ ಸಾಮಾನುಗಳಲ್ಲೆಲ್ಲ ಮೇಜಿನಷ್ಟು ಸಾಧುವಾದ, ಮಾತಿಲ್ಲದ ವಸ್ತು ಮತ್ತೊಂದಿಲ್ಲವೆಂಬುದು ನಮ್ಮೆಲ್ಲರ ನಂಬಿಕೆ. ಬಾಗಿಲು ಕಿರುಗುಟ್ಟುತ್ತದೆ, ಗಡಿಯಾರ ಟಿಕ್ ಟಿಕ್ ಎನ್ನುತ್ತದೆ, ತೂಗುಮಂಚದ ಸರಪಣಿ ನರಳುತ್ತದೆ. ಮೇಜು ಮಾತ್ರ ನಾವು ಹೇರಿದ್ದನ್ನು ಹೊತ್ತುಕೊಂಡು ನಿಂತಿರುತ್ತದೆ. ಆದರೆ ಒಂದು ಬಗೆಯ ಕೋಣೆಯಲ್ಲಿ ಈ ನಂಬಿಕೆ ಸುಳ್ಳಾಗುತ್ತದೆ. ಧ್ವನಿಯನ್ನು ಮುದ್ರಿಸಿ, ಮುದ್ರಿಸಿದ್ದನ್ನು ಕೇಳಿ, ಕೇಳಿದ್ದನ್ನು ತಿದ್ದುವ ಕೋಣೆಯಲ್ಲಿ ಮೇಜು ಮಾತನಾಡುತ್ತದೆ. ಬೇರೊಬ್ಬರ ದನಿಯೊಳಗೆ ಸೇರಿಕೊಂಡು ಮಾತನಾಡುವುದರಿಂದ ಅದರ ಮಾತನ್ನು ನಾವು ಗುರುತಿಸುವುದಿಲ್ಲ, ಅಷ್ಟೆ. ಅಂಥ ಕೋಣೆಗೆ ಸುಮ್ಮನಿರಬಲ್ಲ ಮೇಜೊಂದನ್ನು ಮಾಡಿಸುವುದು ಹೇಗೆಂಬುದೇ ಈ ಹೊತ್ತಿನ ನನ್ನ ಮಾತಿನ ವಿಷಯ.

ಕನ್ನಡದ ಮೇಷ್ಟ್ರಿಗೂ ಮರಗೆಲಸಕ್ಕೂ ಏನು ನಂಟು ಎಂದು ಕೇಳುಗರಿಗೆ ಅನ್ನಿಸಬಹುದು. ನಿವೃತ್ತಿಯಾದ ಮೇಲೆ ನಾನು ಕೈಗೆತ್ತಿಕೊಂಡ ಕೆಲಸವೊಂದಿದೆ. ಹಿರಿಯ ಗಮಕಿಗಳ ವಾಚನವನ್ನೂ, ಬೀಸುವ ಹಾಡು ಸೋಬಾನೆಗಳನ್ನು ಬಲ್ಲ ಅಜ್ಜಿಯರ ಹಾಡನ್ನೂ ಮೈಸೂರಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಮುದ್ರಿಸಿಡುವುದು ಆ ಕೆಲಸ. ಬರುವವರು ಎಪ್ಪತ್ತು ಎಂಬತ್ತು ದಾಟಿದವರು. ಒಮ್ಮೆ ಬಂದವರು ಇನ್ನೊಮ್ಮೆ ಬಂದಾರೆಂಬ ಭರವಸೆಯಿಲ್ಲ. ಅವರ ದನಿ ನಮಗೆ ಸಿಕ್ಕುವುದು ಒಂದೇ ಸಲ. ಆದಕಾರಣ ಅದನ್ನು ಕೇಳುವ ಮತ್ತು ತಿದ್ದುವ ಸ್ಥಳ ನಂಬಿಕೆಗೆ ಅರ್ಹವಾಗಿರಬೇಕು.

ಮನೆಯಲ್ಲಿ ಧ್ವನಿಯ ಕೆಲಸ ಮಾಡುವುದು ನಮ್ಮ ಊರಿಗೆ ಹೊಸತೇನೂ ಅಲ್ಲ. 1935ರಲ್ಲಿ ಇದೇ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಮನೆಯ ನಿಲಯದ ಹೆಸರಾಗಿದ್ದು, ಮುಂದೆ ದೇಶದ ಬಾನುಲಿಗೆಲ್ಲ ಸಂದಿತು. ಅದಕ್ಕೂ ಹಿಂದೆ, 1902ರಲ್ಲಿ, ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡನ್ನು ಗ್ರಾಮಫೋನಿಗೆ ಮುದ್ರಿಸಿಕೊಂಡದ್ದು ಹೋಟೆಲಿನ ಒಂದು ಕೋಣೆಯಲ್ಲಿ. ದೊಡ್ಡ ಸ್ಟುಡಿಯೋಗಳು ಬಂದದ್ದು ಅನಂತರ. ಈಗ ಉಪಕರಣಗಳು ಅಂಗೈಯಗಲಕ್ಕೆ ಕುಗ್ಗಿರುವುದರಿಂದ ಕೆಲಸ ಮತ್ತೆ ಮನೆಗೆ ಮರಳಿದೆ.

ಈ ಕುಗ್ಗುವಿಕೆಯಲ್ಲಿ ಒಂದು ವಿಚಿತ್ರ ನಡೆದಿದೆ. ಹಿಂದೆ ‘ಕನ್ಸೋಲ್’ ಎಂದರೆ ಮೇಜೂ ಹೌದು, ಯಂತ್ರವೂ ಹೌದು. ಲಂಡನ್ನಿನ ಅಬೆ ರೋಡ್‌ನಲ್ಲಿದ್ದ ಇ.ಎಂ.ಐ. ಸ್ಟುಡಿಯೋದಲ್ಲಿ ಬೀಟಲ್ಸ್ ತಂಡದ ಹಾಡುಗಳು ಮುದ್ರಣಗೊಂಡ ‘ರೆಡ್’ ಎಂಬ ಕನ್ಸೋಲುಗಳನ್ನು ಆ ಸಂಸ್ಥೆಯ ಎಂಜಿನಿಯರುಗಳು ತಮ್ಮ ಕೆಲಸಕ್ಕೆಂದೇ ರೂಪಿಸಿದ್ದರು. ಕೈಗೆ ಎಟಕುವ ದೂರ, ಗುಂಡಿಗಳ ಸಾಲು, ಫಲಕದ ಓರೆ, ಎಲ್ಲವನ್ನೂ ಕೂತು ಕೆಲಸ ಮಾಡುವವನನ್ನು ಕಣ್ಣಮುಂದಿಟ್ಟುಕೊಂಡು ನಿರ್ಧರಿಸಲಾಗಿತ್ತು. ಈಗ ಯಂತ್ರವು ಕಂಪ್ಯೂಟರಿನೊಳಗೆ ಅಡಗಿಹೋಯಿತು. ಮೇಜು ಬರಿಯ ಮೇಜಾಗಿ ಉಳಿಯಿತು. ಅಂಗಡಿಯಿಂದ ಕಚೇರಿಯ ಮೇಜೊಂದನ್ನು ತಂದು, ಅದರ ಮೇಲೆ ಎರಡು ಧ್ವನಿವರ್ಧಕಗಳನ್ನು ಇಟ್ಟರೆ ಸ್ಟುಡಿಯೋ ಸಿದ್ಧವಾಯಿತೆಂದು ಹಲವರ ಎಣಿಕೆ. ಕಚೇರಿಯ ಮೇಜು ಕಾಗದಕ್ಕಾಗಿ ಮಾಡಿದ್ದು. ಕಾಗದಕ್ಕೆ ಬೇಕಾದ ಗುಣವೇ, ಎಂದರೆ ಅಗಲವಾದ, ಸಮತಟ್ಟಾದ, ನುಣುಪಾದ ಮೈ, ಕಿವಿಗೆ ಕಂಟಕವಾಗುತ್ತದೆ.

ಹೇಗೆಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಎರಡು ಧ್ವನಿವರ್ಧಕಗಳು ಮತ್ತು ಕೇಳುವವನ ತಲೆ, ಈ ಮೂರೂ ಸಮಭುಜ ತ್ರಿಕೋಣದ ಮೂರು ಮೂಲೆಗಳಲ್ಲಿರಬೇಕೆಂಬುದು ಈ ಕಲೆಯ ಮೊದಲ ಪಾಠ. ಚಿಕ್ಕ ಕೋಣೆಯಲ್ಲಿ ಒಂದೊಂದು ಭುಜವೂ 120 ಸೆಂಟಿಮೀಟರ್ ಇರಲಿ. ಕುರ್ಚಿಯ ಮೇಲೆ ಕೂತವನ ಕಿವಿ ನೆಲದಿಂದ ಸುಮಾರು 120 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಧ್ವನಿವರ್ಧಕದ ಬಾಯಿಯೂ ಅದೇ ಎತ್ತರದಲ್ಲಿರಲಿ. ಮೇಜು 75 ಸೆಂಟಿಮೀಟರ್ ಎತ್ತರ. ಎಂದರೆ ಕಿವಿಯೂ ಧ್ವನಿವರ್ಧಕವೂ ಮೇಜಿನ ಮೈಯಿಂದ 45 ಸೆಂಟಿಮೀಟರ್ ಮೇಲಿವೆ. ಧ್ವನಿವರ್ಧಕದಿಂದ ಹೊರಟ ಶಬ್ದ ಎರಡು ದಾರಿಯಲ್ಲಿ ಕಿವಿಗೆ ಬರುತ್ತದೆ. ಒಂದು ನೇರದಾರಿ, 120 ಸೆಂಟಿಮೀಟರ್. ಇನ್ನೊಂದು, ಮೇಜಿನ ಮೇಲೆ ಬಿದ್ದು ಪುಟಿದು ಬರುವ ದಾರಿ. ಮೂರು, ನಾಲ್ಕು, ಐದು ಭುಜಗಳ ಲಂಬಕೋನ ತ್ರಿಕೋಣವನ್ನು ಶಾಲೆಯಲ್ಲಿ ಕಲಿತವರೆಲ್ಲರೂ ಇದರ ಉದ್ದವನ್ನು ಬಾಯಲ್ಲೇ ಹೇಳಬಹುದು: 150 ಸೆಂಟಿಮೀಟರ್. ಎರಡು ದಾರಿಗಳಿಗೆ ಇರುವ ವ್ಯತ್ಯಾಸ 30 ಸೆಂಟಿಮೀಟರ್.

ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಆದ್ದರಿಂದ ಪುಟಿದ ಶಬ್ದ ನೇರ ಶಬ್ದಕ್ಕಿಂತ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ತುಸು ಕಡಿಮೆ ತಡವಾಗಿ ಬರುತ್ತದೆ. ಇಷ್ಟು ಸಣ್ಣ ತಡ ಪ್ರತಿಧ್ವನಿಯಾಗಿ ಕೇಳಿಸುವುದಿಲ್ಲ; ಕಿವಿ ಎರಡನ್ನೂ ಒಂದೇ ಎಂದು ಬಗೆಯುತ್ತದೆ. ಅಪಾಯವಿರುವುದು ಅಲ್ಲಿಯೇ. ಯಾವ ಸ್ವರದ ಅಲೆಯ ಅರ್ಧದುದ್ದ ಸರಿಯಾಗಿ 30 ಸೆಂಟಿಮೀಟರೋ ಆ ಸ್ವರದಲ್ಲಿ ಒಂದು ಅಲೆಯ ಏರು ಇನ್ನೊಂದರ ಇಳಿತದ ಮೇಲೆ ಕೂರುತ್ತದೆ. ಎರಡೂ ಪರಸ್ಪರ ಅಳಿಸಿಕೊಳ್ಳುತ್ತವೆ. ನಮ್ಮ ಲೆಕ್ಕದಲ್ಲಿ ಅದು ಸೆಕೆಂಡಿಗೆ ಸುಮಾರು 570 ಕಂಪನಗಳ ಸ್ವರ. ಅದರ ಮೂರರಷ್ಟು, ಎಂದರೆ 1700ರ ಸುಮಾರಿನಲ್ಲಿ ಮತ್ತೊಂದು ಹಳ್ಳ. ಐದರಷ್ಟು, ಎಂದರೆ 2850ರ ಸುಮಾರಿನಲ್ಲಿ ಇನ್ನೊಂದು. ಹಳ್ಳಗಳ ನಡುವೆ ದಿಬ್ಬಗಳು. ಬಾಚಣಿಗೆಯ ಹಲ್ಲುಗಳಂತೆ ಕಾಣುವ ಈ ವಿಕಾರಕ್ಕೆ ಬಲ್ಲವರು ಬಾಚಣಿಗೆಯ ಹೆಸರನ್ನೇ ಇಟ್ಟಿದ್ದಾರೆ. ಹಲಗೆ ಏನನ್ನೂ ಹೀರದಿದ್ದರೆ ಪುಟಿದ ಅಲೆಗೆ ನೇರ ಅಲೆಯ ಐದರಲ್ಲಿ ನಾಲ್ಕು ಪಾಲು ಬಲವಿರುತ್ತದೆ. ಹಾಗಾಗಿ ಇದು ಕಡೆಗಣಿಸಬಹುದಾದ ದೋಷವಲ್ಲ.

ಈ ಅಂಕಿಗಳು ಮಾತಿನ ಮರ್ಮಸ್ಥಾನಗಳೂ ಆಗಿವೆ. ಎಕಾರ ಒಕಾರಗಳನ್ನು ಉಳಿದ ಸ್ವರಗಳಿಂದ ಬೇರ್ಪಡಿಸುವ ಬಾಯಿಯ ಅನುರಣನ 500ರ ಆಸುಪಾಸಿನಲ್ಲಿದೆ. ಲಕಾರ ಳಕಾರಗಳ ಭೇದ, ನಕಾರ ಣಕಾರಗಳ ಭೇದ ಬಹುಮಟ್ಟಿಗೆ 1500ರಿಂದ 3000ದವರೆಗಿನ ಸೀಮೆಯಲ್ಲಿ ನೆಲೆಸಿದೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ಗಮಕಿಗಳು ಹಾಡಿದಾಗ ಯಾವ ಅಕ್ಷರಸ್ಪಷ್ಟತೆಗೆ ನಾವು ತಲೆದೂಗುತ್ತೇವೆಯೋ ಆ ಸ್ಪಷ್ಟತೆಯ ಮೇಲೆಯೇ ಮೇಜು ತನ್ನ ಬಾಚಣಿಗೆಯನ್ನಾಡಿಸುತ್ತದೆ.

ಮೇಜು ಕೆಡಿಸುವುದು ನಾವು ಕೇಳುವುದನ್ನು ಮಾತ್ರ. ಮುದ್ರಿತವಾದದ್ದು ಹಾಗೆಯೇ ಇರುತ್ತದಲ್ಲ ಎಂದು ಯಾರಾದರೂ ಸಮಾಧಾನ ಹೇಳಿಯಾರು. ಗ್ರಂಥಸಂಪಾದನೆಯ ಪರಿಚಯವಿದ್ದವರಿಗೆ ಈ ಸಮಾಧಾನ ರುಚಿಸದು. ಓಲೆಗರಿಯಲ್ಲಿ ಅಕ್ಷರ ಸರಿಯಾಗಿಯೇ ಇದೆ. ಸಂಪಾದಕನ ದೀಪ ಮಂಕಾಗಿದೆ. ಅವನಿಗೆ ‘ಪ’ ಎಂಬುದು ‘ಷ’ ಎಂದು ಕಂಡು, ತಪ್ಪೆಂದು ಬಗೆದು ತಿದ್ದುತ್ತಾನೆ. ತಿದ್ದಿದ ಪ್ರತಿ ಅಚ್ಚಾಗುತ್ತದೆ. ದೀಪ ಅಲ್ಲಿಯೇ ಉಳಿಯುತ್ತದೆ, ತಪ್ಪು ಮಾತ್ರ ಊರೂರಿಗೆ ಹೋಗುತ್ತದೆ. ಧ್ವನಿಯ ಕೋಣೆಯಲ್ಲಿಯೂ ನಡೆಯುವುದು ಇದೇ. 570ರ ಬಳಿ ಹಳ್ಳವಿದ್ದಾಗ ಅಜ್ಜಿಯ ದನಿ ತೆಳುವಾಗಿ, ಸೊರಗಿದಂತೆ ಕೇಳುತ್ತದೆ. ಕೇಳುವವನು ಅಲ್ಲಿ ಬಲ ತುಂಬುತ್ತಾನೆ. ಆ ಪ್ರತಿಯನ್ನು ಬೇರೊಂದು ಮನೆಯಲ್ಲಿ ಕೇಳಿದರೆ, ಅಲ್ಲಿ ಆ ಹಳ್ಳವಿಲ್ಲದ ಕಾರಣ, ಅಜ್ಜಿ ಕೊಡದೊಳಗೆ ಮುಖವಿಟ್ಟು ಹಾಡಿದಂತಿರುತ್ತದೆ. ಮೇಜಿನ ದೋಷ ದನಿಯ ಪಾಠದೊಳಗೆ ಪ್ರಕ್ಷೇಪವಾಗಿ ಸೇರಿತು. ಮೂಲಪ್ರತಿಯನ್ನು ಮುಟ್ಟದೆ ಕಾಪಾಡಿಕೊಂಡವರು ಹಿಂತಿರುಗಿ ಬರಬಲ್ಲರು; ತಿದ್ದಿದ್ದನ್ನಷ್ಟೇ ಉಳಿಸಿಕೊಂಡವರಿಗೆ ಆ ದಾರಿಯೂ ಇಲ್ಲ.

ಇನ್ನು ಪರಿಹಾರದ ಮಾತು. ನಮ್ಮ ಬಡಗಿ ಆಚಾರ್ಯರಿಗೆ ಈ ಲೆಕ್ಕವನ್ನೆಲ್ಲ ಒಪ್ಪಿಸುವ ಬದಲು ಒಂದು ಕನ್ನಡಿಯಿಂದ ಕೆಲಸ ಸುಲಭವಾಯಿತು. ಬರೆಯುವ ಮೇಜಿನ ಮೇಲೆ ಕನ್ನಡಿಯನ್ನು ಮಲಗಿಸಿ, ಕೇಳುವವನ ಜಾಗದಲ್ಲಿ ಅವರನ್ನು ಕೂರಿಸಿದೆ. ಕನ್ನಡಿಯನ್ನು ಸರಿಸುತ್ತ ಹೋದಂತೆ ಒಂದು ಕಡೆ ಧ್ವನಿವರ್ಧಕದ ಬಿಂಬ ಕಂಡಿತು. ಮುಂದಿನ ಅಂಚಿನಿಂದ ಸುಮಾರು ಒಂದು ಗೇಣು ಒಳಗೆ. ಬೆಳಕು ಪುಟಿಯುವ ಜಾಗದಲ್ಲಿಯೇ ಶಬ್ದವೂ ಪುಟಿಯುತ್ತದೆ. “ಹಾಗಾದರೆ ಈ ಬಿಂಬ ಕಾಣದ ಹಾಗೆ ಹಲಗೆ ಕೂರಿಸಬೇಕು, ಅಷ್ಟೇ ತಾನೆ ಮೇಷ್ಟ್ರೇ?” ಎಂದರು ಆಚಾರ್ಯರು. ಧ್ವನಿಶಾಸ್ತ್ರದ ಪುಸ್ತಕಗಳು ಪುಟಗಟ್ಟಲೆ ಹೇಳುವುದರ ಸಾರ ಇದೇ.

ಬಿಂಬವನ್ನು ಕಳೆಯಲು ಮೂರು ಉಪಾಯಗಳನ್ನು ಕೂಡಿಸಿದೆವು. ಮೊದಲನೆಯದು, ಹಲಗೆಯನ್ನು ಕೂತವನ ಕಡೆಗೆ ಓರೆಯಾಗಿಸುವುದು. ಮುಂದಿನ ಅಂಚು ನೆಲದಿಂದ 70 ಸೆಂಟಿಮೀಟರ್, ಹಿಂದಿನ ಅಂಚು 80. ಎಂದರೆ ಸುಮಾರು 15 ಡಿಗ್ರಿಯ ಇಳಿಜಾರು. ಎರಡನೆಯದು, ಹಲಗೆಯ ಆಳವನ್ನು 40 ಸೆಂಟಿಮೀಟರಿಗೆ ಮುಗಿಸುವುದು. ತಲೆ ಮುಂದಿನ ಅಂಚಿನಿಂದ 30 ಸೆಂಟಿಮೀಟರ್ ಹಿಂದಿದ್ದರೆ, ಈ ಓರೆಯಲ್ಲಿ ಶಬ್ದ ಪುಟಿದು ಕಿವಿಗೆ ಬರಬೇಕಾದ ಬಿಂದು ಅಂಚಿನಿಂದ ಸುಮಾರು 50 ಸೆಂಟಿಮೀಟರ್ ಆಚೆಗೆ ಸರಿಯುತ್ತದೆ. ಅಲ್ಲಿ ಹಲಗೆಯೇ ಇಲ್ಲ. ಹಲಗೆಯ ಮೇಲೆ ಬಿದ್ದ ಶಬ್ದ ಕಿವಿಯ ಕೆಳಗೆ, ಎದೆ ಹೊಟ್ಟೆಗಳ ಕಡೆಗೆ ಹೋಗುತ್ತದೆ. ಇದರ ಜೊತೆಗೆ ಇನ್ನೊಂದು ಲಾಭವಿದೆ. 570 ಕಂಪನದ ಅಲೆಯ ಉದ್ದ 60 ಸೆಂಟಿಮೀಟರ್. ಅದಕ್ಕಿಂತ ಕಿರಿದಾದ ಹಲಗೆ ಆ ಅಲೆಗೆ ಪೂರ್ಣ ಕನ್ನಡಿಯಾಗಲಾರದು. ಮೂರನೆಯದು, ಧ್ವನಿವರ್ಧಕಗಳನ್ನು ಮೇಜಿನಿಂದ ಇಳಿಸಿ, ಅದರ ಹಿಂದೆ ನೆಲದ ಮೇಲೆ ನಿಂತ ಪ್ರತ್ಯೇಕ ಕಾಲುಗಳ ಮೇಲೆ ಕೂರಿಸುವುದು. ಆ ಟೊಳ್ಳು ಕಾಲುಗಳಲ್ಲಿ ಒಣ ಮರಳು ತುಂಬಿದರೆ ಅವು ಮಿಡಿಯುವುದಿಲ್ಲ. ಮೇಜು ಅವನ್ನು ಎಲ್ಲಿಯೂ ಮುಟ್ಟಕೂಡದು.

ಇಷ್ಟೆಲ್ಲ ಯಾಕೆ, ಮೇಜಿನ ಮೇಲೊಂದು ಕಂಬಳಿ ಹಾಸಿದರಾಗದೆ ಎಂದು ಕೇಳಿದವರುಂಟು. ಕಂಬಳಿ ಹೀರುವುದು ಅತಿ ಏರಿನ ಸ್ವರಗಳನ್ನು. 570ರ ಅಲೆಯನ್ನು ಹಿಡಿಯಬೇಕಾದರೆ ಅದರ ಕಾಲುಪಾಲಾದ 15 ಸೆಂಟಿಮೀಟರಿನಷ್ಟು ದಪ್ಪ ಬೇಕು. ಬೆರಳು ದಪ್ಪದ ಕಂಬಳಿ ಸಕಾರ ಶಕಾರಗಳ ಹೊಳಪನ್ನು ತಗ್ಗಿಸಿ, ಮುಖ್ಯ ರೋಗವನ್ನು ಹಾಗೆಯೇ ಬಿಡುತ್ತದೆ.

ಹಲಗೆ ಜೋಡಿಸಿ ನಿಲ್ಲಿಸಿದ ದಿನ ಆಚಾರ್ಯರು ದೂರ ನಿಂತು ನೋಡಿ, “ಇದು ಮೇಜಾಗಲಿಲ್ಲ ಮೇಷ್ಟ್ರೇ, ಕಾಲು ಬಂದ ವ್ಯಾಸಪೀಠವಾಯಿತು” ಎಂದರು. ಅವರ ಮಾತು ನನಗೆ ಬಹಳ ಹಿಡಿಸಿತು. ವ್ಯಾಸಪೀಠವನ್ನು ನೋಡಿ. ಓದುವ ಪುಸ್ತಕಕ್ಕೆ ಬೇಕಾದಷ್ಟೇ ಮರ, ಓದುವವನ ಕಡೆಗೆ ಓರೆ, ಅವನ ದನಿಗೂ ಕೇಳುವವರ ಕಿವಿಗೂ ನಡುವೆ ಅಗಲವಾದ ಹಲಗೆಯಿಲ್ಲ. ಮಂಡಿಯ ಲೆಕ್ಕದವರು ಬಳಸುತ್ತಿದ್ದ ಇಳಿಜಾರು ಡೆಸ್ಕಿನಲ್ಲಿಯೂ ಇದೇ ವಿವೇಕ, ಅಲ್ಲಿ ಕಣ್ಣಿಗಾಗಿ.

ನೆಲದ ಮೇಲೆ ಕೂತು ಕೆಲಸ ಮಾಡುವವರಿಗೂ ಈ ಲೆಕ್ಕ ಹೊಂದುತ್ತದೆ. ಚಕ್ಕಂಬಕ್ಕಳ ಹಾಕಿ ಕೂತವರ ಕಿವಿ ನೆಲದಿಂದ 75 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಮೇಜಿನ ಮುಂದಂಚು 25, ಹಿಂದಂಚು 35. ಧ್ವನಿವರ್ಧಕಗಳೂ ಅಷ್ಟೇ ಕೆಳಗಿಳಿಯಬೇಕು. ಆದ್ದರಿಂದ ಮೇಜು ಮಾಡಿಸುವವರು ಮೊದಲು ಅಳೆಯಬೇಕಾದದ್ದು ತಾವು ಕೂತಾಗ ತಮ್ಮ ಕಿವಿಯ ಎತ್ತರವನ್ನು; ಎರಡನೆಯದಾಗಿ ಭುಜ ಸಡಿಲವಾಗಿದ್ದಾಗ ಮೊಣಕೈಯ ಎತ್ತರವನ್ನು. ದಿನಕ್ಕೆ ಆರು ಗಂಟೆ ಕೂರುವ ಜಾಗದಲ್ಲಿ ಭುಜ ಎತ್ತಿಕೊಂಡೇ ಇದ್ದರೆ ಕಿವಿಗಿಂತ ಮೊದಲು ಕತ್ತು ಸೋಲುತ್ತದೆ. ಕೋಣೆಯ ಅಳತೆಯನ್ನೂ ಅಂಗಡಿಯ ಚಿತ್ರವನ್ನೂ ನೋಡುವುದು ಆಮೇಲೆ. ಮರ ಕುಯ್ಯುವ ಮುನ್ನ ರಟ್ಟಿನಲ್ಲಿ ಪೂರ್ಣಗಾತ್ರದ ಮಾದರಿಯೊಂದನ್ನು ಮಾಡಿ ಒಂದು ವಾರ ಅದರ ಮುಂದೆ ಕೂತು ನೋಡುವುದು ಲೇಸು.

ಮರದ ವಿಷಯದಲ್ಲಿ ನಮ್ಮ ಸಂಸ್ಕಾರವನ್ನೇ ತಿರುವುಮುರುವು ಮಾಡಿಕೊಳ್ಳಬೇಕಾಗುತ್ತದೆ. ದೊಡ್ಡಬಳ್ಳಾಪುರದ ಕಡೆಯ ಸಿಂಪಾಡಿಪುರದಲ್ಲಿ ವೀಣೆ ಮಾಡುವವರು ಹಲಸಿನ ಮರವನ್ನು ಆರಿಸುತ್ತಾರೆ. ಅದನ್ನು ಟೊಳ್ಳು ಮಾಡಿ, ಮೇಲೆ ತೆಳುಹಲಗೆ ಮುಚ್ಚಿದರೆ ತಂತಿಯ ಸಣ್ಣ ಮಿಡಿತಕ್ಕೂ ಓಗೊಡುತ್ತದೆ. ವೀಣೆಯಲ್ಲಿ ಗುಣವಾದದ್ದು ನಮ್ಮ ಮೇಜಿನಲ್ಲಿ ಅವಗುಣ. ಟೊಳ್ಳಾದ ಪೆಟ್ಟಿಗೆ, ತೆಳುವಾದ ಮುಚ್ಚಳ, ಇವೆರಡೂ ಇಲ್ಲಿ ಬೇಡ. ಕಚೇರಿಯ ಮೇಜಿನ ಖಾನೆಗಳು ಇದೇ ಕಾರಣಕ್ಕೆ ತ್ಯಾಜ್ಯ: ಬಾಗಿಲು ಹಾಕಿದ ಖಾಲಿ ಖಾನೆಯೆಂದರೆ ಕುಂಬಳಬುರುಡೆಯಿದ್ದಂತೆ. ಚೌಕಟ್ಟಿಗೆ ಹಳೆಯ ಮನೆ ಬಿಚ್ಚಿದಾಗ ಬಂದ ಹೊನ್ನೆಯ ತೊಲೆಗಳನ್ನು ಕೊಯ್ಸಿದೆವು. ದಶಕಗಳ ಬಿಸಿಲು ಮಳೆ ಕಂಡ ಮರ ಮತ್ತೆ ಸೊಟ್ಟಗಾಗುವುದು ಕಡಿಮೆ. ಮೇಲಿನ ಹಲಗೆಗೆ 19 ಮಿಲಿಮೀಟರಿನ ಎರಡು ಪ್ಲೈವುಡ್ ಹಾಳೆಗಳನ್ನು ಅಂಟಿನಿಂದ ಒಂದಾಗಿಸಿದ್ದು. ಕೂಡುಗಳನ್ನು ಕಚ್ಚು ಕೊಟ್ಟು ಬಿಗಿಯಾಗಿ ಕೂರಿಸಬೇಕು. ಸಡಿಲವಾದ ಒಂದು ತಿರುಪುಮೊಳೆ ತಗ್ಗಿನ ಸ್ವರಕ್ಕೆ ಬುರ್ರೆನ್ನತೊಡಗಿದರೆ ಅದನ್ನು ಹುಡುಕುವುದರಲ್ಲೇ ದಿನ ಕಳೆಯುತ್ತದೆ. ಆಚಾರ್ಯರು ಪ್ರತಿ ಹಲಗೆಯನ್ನೂ ಬೆರಳಗಂಟಿನಿಂದ ತಟ್ಟಿ ಕಿವಿಗೊಟ್ಟು ಆರಿಸಿದರು. ಹಲಸಿಗೆ ಹೇಗೆ ತಟ್ಟುವರೋ ಹಾಗೆಯೇ. ಬೇಕಾದ ಉತ್ತರ ಮಾತ್ರ ಬೇರೆ.

ಉಳಿದ ಅಂಗಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಉಪಕರಣಗಳನ್ನು ಕೂರಿಸುವ ಚೌಕಟ್ಟಿಗೆ ಲೋಕವೆಲ್ಲ ಒಪ್ಪಿದ ಅಳತೆಯೊಂದಿದೆ: ಮುಖದ ಅಗಲ 19 ಅಂಗುಲ, ಎತ್ತರ ಒಂದೂಮುಕ್ಕಾಲು ಅಂಗುಲದ ಗುಣಕಗಳಲ್ಲಿ. ದೂರವಾಣಿ ವಿನಿಮಯ ಕೇಂದ್ರಗಳಿಂದ ಬಂದ ಈ ಅಳತೆ ಇನ್ನೂ ಬದಲಾಗಿಲ್ಲ. ಬಡಗಿಗೆ ಇದನ್ನು ಮೊದಲೇ ಬರೆದುಕೊಡಬೇಕು. ಈ ಚೌಕಟ್ಟು ಮೇಜಿನ ಮೇಲೆ ಬಾರದೆ ಪಕ್ಕದಲ್ಲಿ, ಮೊಣಕಾಲಿನ ಮಟ್ಟದಲ್ಲಿರಲಿ. ಕಂಪ್ಯೂಟರಿನ ಪರದೆಯೂ ಒಂದು ನುಣುಪಾದ ಗೋಡೆಯೇ ಆದುದರಿಂದ ಧ್ವನಿವರ್ಧಕಗಳ ಮುಖಕ್ಕಿಂತ ತುಸು ಹಿಂದೆ, ಅವುಗಳಿಗೆ ಅಡ್ಡಬಾರದಂತೆ ನಿಲ್ಲಬೇಕು. ಇಳಿಜಾರಿನ ಮುಂದಂಚಿಗೆ ಬೆರಳುದಪ್ಪದ ಪಟ್ಟಿ ಹೊಡೆದರೆ ವಸ್ತುಗಳು ಜಾರವು. ಮೌಸ್ ಆಡಿಸಲು ಬಲಗಡೆ ಒಂದು ಪುಟ್ಟ ಸಮತಟ್ಟು ಹಲಗೆ ಸಾಕು.

ತಂತಿಗಳ ದಾರಿಯನ್ನು ಮೇಜು ಮಾಡುವಾಗಲೇ ಯೋಚಿಸಬೇಕು. ವಿದ್ಯುತ್ತಿನ ತಂತಿ ಒಂದು ಕಾಲಿನ ಗುಂಟ, ಮೈಕಿನ ತಂತಿ ಇನ್ನೊಂದು ಕಾಲಿನ ಗುಂಟ ಇಳಿಯಲಿ. ದಾಟಲೇಬೇಕಾದ ಕಡೆ ಒಂದನ್ನೊಂದು ಲಂಬವಾಗಿ ದಾಟಲಿ. ಜೊತೆಜೊತೆಯಾಗಿ ಓಡಿದರೆ ನಮ್ಮ ಮನೆಯ ವಿದ್ಯುತ್ತಿನ 50 ಕಂಪನದ ಗುಂಯ್‌ಗುಟ್ಟುವಿಕೆ ದನಿಯ ಕೆಳಗೆ ಶ್ರುತಿಯಂತೆ ಕೂರುತ್ತದೆ. ಎಲ್ಲ ಉಪಕರಣಗಳಿಗೂ ಭೂಸಂಪರ್ಕ ಒಂದೇ ಕಡೆಯಿಂದ ಬರಬೇಕು. ಕಂಪ್ಯೂಟರಿನ ಫ್ಯಾನಿನ ಸದ್ದನ್ನು ತಗ್ಗಿಸಲು ಅದನ್ನು ಪೆಟ್ಟಿಗೆಯೊಳಗೆ ಇಡುವುದಾದರೆ ಕೆಳಗೊಂದು, ಮೇಲೊಂದು ಗಾಳಿಯ ಕಿಂಡಿ ಇರಲೇಬೇಕು. ಬಿಸಿಗಾಳಿ ತಾನಾಗಿ ಮೇಲೇರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಮೇಜಿನ ಹಿಂದೆ ಒಬ್ಬ ಮನುಷ್ಯ ನುಸುಳುವಷ್ಟು ಜಾಗ ಬಿಡಬೇಕು. ಕೈ ಹೋಗದ ಕಡೆ ತಂತಿ ಸಡಿಲವಾಗುವುದು ಲೋಕದ ನಿಯಮ.

ಮೇಜು ಸಿದ್ಧವಾದ ಮೇಲೆ ಪರೀಕ್ಷೆ ಸುಲಭ. ತಗ್ಗಿನಿಂದ ಏರಿನವರೆಗೆ ಒಂದೇ ಸ್ವರವನ್ನು ನಿಧಾನವಾಗಿ ಎಳೆಯುತ್ತ ಹೋದರೆ ಎಲ್ಲಿ ಏನು ಅದುರುತ್ತದೆಂಬುದು ತಿಳಿಯುತ್ತದೆ. ಆಮೇಲೆ ಚೆನ್ನಾಗಿ ಪರಿಚಯವಿರುವ ಒಬ್ಬರ ಮಾತನ್ನು ಮುದ್ರಿಸಿಕೊಂಡು, ಅವರನ್ನು ಪಕ್ಕದಲ್ಲೇ ನಿಲ್ಲಿಸಿ ಮಾತನಾಡಿಸಿ, ಎರಡನ್ನೂ ಹೋಲಿಸಿ ಕೇಳಬೇಕು. ಚಿಕ್ಕ ಕೋಣೆಯ ಗೋಡೆಗಳು ತಗ್ಗಿನ ಸ್ವರಗಳಲ್ಲಿ ಎಬ್ಬಿಸುವ ತೊಂದರೆಗಳನ್ನು ಯಾವ ಮೇಜೂ ನಿವಾರಿಸದು. ಅದಕ್ಕೆ ಬೇರೆಯೇ ಚಿಕಿತ್ಸೆಯಿದೆ. ಮೇಜು ತನ್ನ ಪಾಲಿನ ದೋಷವನ್ನು ಸೇರಿಸದಿದ್ದರೆ ಅದರ ಕರ್ತವ್ಯ ಮುಗಿಯಿತು.

ನಮ್ಮ ನಾಡಿನಲ್ಲಿ ಹಾಡುಗಬ್ಬಗಳನ್ನು ಬರೆದುಕೊಂಡು ಅಚ್ಚು ಹಾಕಿಸಿದವರ ಉಪಕಾರ ದೊಡ್ಡದು. ಅವರು ಪದವನ್ನು ಉಳಿಸಿದರು. ದನಿಯನ್ನು ಉಳಿಸುವ ಸಾಧನ ಅವರಲ್ಲಿ ಬಹುಮಂದಿಗೆ ಇರಲಿಲ್ಲ. ಈಗ ಆ ಸಾಧನ ಸಾಮಾನ್ಯ ಮನೆಗೂ ಎಟಕುವಂತಾಗಿದೆ. ಊರೂರಿನಲ್ಲಿ ತರುಣರು ತಮ್ಮ ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡು ಮುದ್ರಿಸುತ್ತಿದ್ದಾರೆ. ಅವರು ಮೈಕಿಗೆ ಹಣ ಕೂಡಿಡುತ್ತಾರೆ, ಕಂಪ್ಯೂಟರಿಗೆ ಕೂಡಿಡುತ್ತಾರೆ. ಅದರ ಜೊತೆಗೆ ಒಂದು ಕನ್ನಡಿಯನ್ನೂ ಒಂದು ಅಳತೆಪಟ್ಟಿಯನ್ನೂ ಹಿಡಿದು, ಊರಿನ ಬಡಗಿಯನ್ನು ಕರೆಸಿ ಅರ್ಧ ದಿನ ಮಾತನಾಡಿದರೆ, ಅವರು ಉಳಿಸಿದ ದನಿ ಮುಂದಿನವರಿಗೆ ಆ ಅಜ್ಜಿಯ ದನಿಯಾಗಿಯೇ ತಲುಪುತ್ತದೆ.